ಮಳೆಗಾಲಕ್ಕೆ ಮುಂಚೆ ನಡುಗಡ್ಡೆಯಲ್ಲಿ ಏನೇನು ತಯಾರಿ ಬೇಕು? ಕೃಷ್ಣಾ, ತುಂಗಭದ್ರಾ ದಂಡೆಯವರು ಹೇಳಿ

ಗಡ್ಡಿಮನಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮೂರು ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಯಲ್ಲಿದೆ. ನಾನು ರಾಯಚೂರಲ್ಲಿ ಕೆಲಸ ಮಾಡುತ್ತೇನೆ. ಅಪ್ಪ, ಅವ್ವ ಊರಲ್ಲೇ ಇದ್ದಾರೆ. ನಾರಾಯಣಪುರ ಡ್ಯಾಂನಿಂದ ನೀರು ಜಾಸ್ತಿ ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಹಂಚಿನಾಳ, ಯರಗೋಡಿ, ಕಡದರಗಡ್ಡಿ ಕಡೆಯವರು ಊರೆಲ್ಲ ಸುತ್ತಿ ಬರಬೇಕು. ಮ್ಯಾದರಗಡ್ಡಿ, ಕರಕಲಗಡ್ಡಿಯಂಥ ಸಣ್ಣ ಗಡ್ಡೆಗಳಿಗೆ ಸುತ್ತು ದಾರಿಯೂ ಇಲ್ಲ.

ಸೇತುವೆ ಎತ್ತರಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅದನ್ನು ಕೇಳುವುದನ್ನು ನಾವು ಬಿಡುವುದಿಲ್ಲ. ಆದರೆ ಈ ಚರ್ಚೆಯಲ್ಲಿ ನಾನು ಕೇಳುತ್ತಿರುವುದು ಬೇರೆ. ಹೊಳೆ ಬರುವ ಮುಂಚೆ, ಮೇ ಜೂನ್‌ನಲ್ಲಿ, ಗಡ್ಡೆಯೊಳಗಿದ್ದವರು ತಾವೇ ಏನು ಮಾಡಿಕೊಳ್ಳಬಹುದು? ಬೋಟು, ಎನ್‌ಡಿಆರ್‌ಎಫ್, ಅಧಿಕಾರಿಗಳು ಎಲ್ಲ ಬರುವುದು ನೀರು ಏರಿದ ಮೇಲೆ. ಅಷ್ಟರಲ್ಲಿ ಅರ್ಧ ಹಾನಿ ಆಗಿಹೋಗಿರುತ್ತದೆ.

ಇನ್ನೊಂದು ವಿಷಯ. ಟಿವಿಯಲ್ಲಿ 'ನದಿಗೆ 2 ಲಕ್ಷ ಕ್ಯುಸೆಕ್ ನೀರು' ಅಂತ ಬರುತ್ತದೆ. ಅಪ್ಪನಿಗೆ ಆ ಲೆಕ್ಕ ತಿಳಿಯುವುದಿಲ್ಲ. ಹೊಲದ ಬದುವಿನ ಜಾಲಿಗಿಡಕ್ಕೆ ನೀರು ಮುಟ್ಟಿತಾ ಇಲ್ಲವಾ ಅಂತ ನೋಡುತ್ತಾರೆ. ಈ ಎರಡನ್ನೂ ಹೊಂದಿಸುವುದು ಹೇಗೆ?

ಹಳೇ_ಗೇಜ್

ತಮ್ಮಾ, ಒಳ್ಳೆಯ ಪ್ರಶ್ನೆ. ನಾನು ಕಾಲುವೆ, ಡ್ಯಾಂ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. 1 ಲಕ್ಷ ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ನಾರಾಯಣಪುರದ ಬಸವಸಾಗರ ಡ್ಯಾಂ ತುಂಬಿದರೂ ಹಿಡಿಯುವುದು ಸುಮಾರು 33 ಟಿಎಂಸಿ. ಅಂದರೆ ಖಾಲಿ ಡ್ಯಾಂ ಇದ್ದರೂ 1 ಲಕ್ಷದ ಹರಿವು ನಾಲ್ಕು ದಿನದಲ್ಲಿ ತುಂಬಿಸಿಬಿಡುತ್ತದೆ. ಆಗಸ್ಟ್‌ನಲ್ಲಿ ಅದು ಖಾಲಿ ಎಲ್ಲಿರುತ್ತದೆ? ಮೊದಲೇ ತುಂಬಿರುತ್ತದೆ. ಹಾಗಾಗಿ ಮೇಲಿನಿಂದ ಬಂದದ್ದನ್ನು ಬಂದಷ್ಟೇ ಕೆಳಗೆ ಬಿಡಬೇಕು. 'ಡ್ಯಾಂ ಇದೆ, ತಡೆಯುತ್ತದೆ' ಅಂತ ಬಹಳ ಜನ ನಂಬಿದ್ದಾರೆ. ದೊಡ್ಡ ಪ್ರವಾಹವನ್ನು ಅದು ತಡೆಯಲಾರದು.

ಆದ್ದರಿಂದ ನಾರಾಯಣಪುರದ ಗೇಟ್ ತೆರೆದ ಸುದ್ದಿಗೆ ಕಾಯಬೇಡಿ. ಅಲ್ಲಿಂದ ನಿಮ್ಮ ಗಡ್ಡೆಗೆ ನೀರು ಬರಲು ಕೆಲವೇ ತಾಸು ಸಾಕು. ಅದರ ಮೇಲಿರುವ ಆಲಮಟ್ಟಿ ಡ್ಯಾಂನ ಹೊರಹರಿವು ನೋಡಿ. ಅದಕ್ಕಿಂತ ಮೇಲೆ ಮಹಾರಾಷ್ಟ್ರದ ಕೊಯ್ನಾ ಡ್ಯಾಂ ನೋಡಿ. ಕೊಯ್ನಾ ಕಡೆ ಜೋರು ಮಳೆ ಅಂತ ಸುದ್ದಿ ಬಂದ ದಿನವೇ ನಿಮ್ಮ ಕೆಲಸ ಶುರುವಾಗಬೇಕು. ಆಗ ಕೈಯಲ್ಲಿ ದಿನಗಳು ಇರುತ್ತವೆ.

ಇನ್ನು ಜಾಲಿಗಿಡ. ನಿಮ್ಮ ಅಪ್ಪನ ಅಳತೆ ಸರಿಯಾಗಿದೆ, ಅದನ್ನು ಬಿಡಬೇಡಿ. ಅದರ ಪಕ್ಕ ಒಂದು ಅಂಕಿ ಬರೆದಿಟ್ಟರೆ ಆಯಿತು. ಒಂದು ನೋಟ್‌ಬುಕ್ ತೊಗೊಳ್ಳಿ. ಇವತ್ತು ಡ್ಯಾಂನಿಂದ ಇಷ್ಟು ಬಿಟ್ಟರು, ಇಷ್ಟು ತಾಸಿನ ಮೇಲೆ ನೀರು ಗಿಡದ ಬುಡಕ್ಕೆ ಬಂತು. ನಾಳೆ ಇಷ್ಟು ಬಿಟ್ಟರು, ಸೇತುವೆಯ ಕಂಬದ ಈ ಕಲ್ಲಿಗೆ ಬಂತು. ಹೀಗೆ ಎರಡು ಮೂರು ಮಳೆಗಾಲ ಬರೆದರೆ ಊರಿನ ಸ್ವಂತ ಪಟ್ಟಿ ತಯಾರು. ಯಾವ ಕಚೇರಿಯಲ್ಲೂ ಇಷ್ಟು ಕರಾರುವಾಕ್ಕಾದ ಲೆಕ್ಕ ಸಿಗುವುದಿಲ್ಲ. ಮರಳು ಕೊಚ್ಚಿ ಹೊಳೆಯ ತಳ ಬದಲಾಗುತ್ತಿರುತ್ತದೆ, ಹಾಗಾಗಿ ಹಳೆಯ ಪಟ್ಟಿಯನ್ನೇ ಹಿಡಿದು ಕೂರಬಾರದು. ಪ್ರತಿ ವರ್ಷ ತಿದ್ದಬೇಕು.

ಮಸ್ಕಿಯವನು

ಸರ್, 2009 ರಲ್ಲಿ ಹಾಗೆ ಆಗಲಿಲ್ಲವಲ್ಲ. ಆಗ ಕೊಯ್ನಾ ಸುದ್ದಿಗೆ ಕಾದಿದ್ದರೆ ಏನೂ ತಿಳಿಯುತ್ತಿರಲಿಲ್ಲ.

ಹಳೇ_ಗೇಜ್

ಸರಿಯಾಗಿ ಹೇಳಿದಿರಿ. 2019 ರ ಆಗಸ್ಟ್ ಪ್ರವಾಹ ಪಶ್ಚಿಮ ಘಟ್ಟದ ಮಳೆಯಿಂದ ಬಂದದ್ದು. ನಾರಾಯಣಪುರದಿಂದ ಸುಮಾರು 6 ಲಕ್ಷ ಕ್ಯುಸೆಕ್ ಬಿಟ್ಟರು. ದೂರದಿಂದ ಬಂದ ನೀರು, ಹಾಗಾಗಿ ತಯಾರಿಗೆ ಹೊತ್ತು ಸಿಕ್ಕಿತು. 2009 ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ್ದು ಬೇರೆ. ನಮ್ಮ ಉತ್ತರ ಕರ್ನಾಟಕದ ಮೇಲೆಯೇ ಸುರಿದ ಮಳೆ ಅದು. ಹಳ್ಳಗಳೆಲ್ಲ ಒಟ್ಟಿಗೆ ಬಂದವು. ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿತು. ನಮ್ಮ ಮೇಲೆಯೇ ಎರಡು ದಿನ ಬಿಡದೆ ಮಳೆ ಹೊಡೆದರೆ ಡ್ಯಾಂ ಅಂಕಿಗೆ ಕಾಯದೆ ಎತ್ತರಕ್ಕೆ ಹೋಗಬೇಕು. ಆಗಸ್ಟ್ ಮುಗಿಯಿತು ಅಂತ ಕಟ್ಟಿದ ಗಂಟು ಬಿಚ್ಚಬೇಡಿ. ಅಕ್ಟೋಬರ್ ಅರ್ಧದ ತನಕ ಹಾಗೇ ಇರಲಿ.

ಆನೆಗೊಂದಿ_ಅಂಬಿಗ

ನಮ್ಮದು ಗಂಗಾವತಿ ತಾಲ್ಲೂಕು, ತುಂಗಭದ್ರೆ ದಂಡೆ. ನಮ್ಮ ಮನೆಯಲ್ಲಿ ತಲೆಮಾರಿನಿಂದ ಹರಿಗೋಲು ಹಾಕುತ್ತೇವೆ. ಕೃಷ್ಣಾ ಕಡೆಯವರು ತೆಪ್ಪ ಅನ್ನುತ್ತಾರೆ, ತೆಲುಗು ಕಡೆ ಪುಟ್ಟಿ. 2020 ರ ಆಗಸ್ಟ್‌ನಲ್ಲಿ ಕೃಷ್ಣೆಯ ಕುರ್ವಕಲಾ ಗಡ್ಡೆ ಹತ್ತಿರ ತೆಪ್ಪ ಮಗುಚಿ ಜನ ನೀರುಪಾಲಾದದ್ದು ಎಲ್ಲರಿಗೂ ನೆನಪಿರಬೇಕು. ಆ ಸುದ್ದಿ ಕೇಳಿದ ದಿನ ನಮ್ಮ ಓಣಿಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹರಿಗೋಲನ್ನು ಮೇ ತಿಂಗಳಲ್ಲೇ ಬೋರಲು ಹಾಕಿ ನೋಡಬೇಕು. ಬಿದಿರಿನ ದಬ್ಬೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ. ಒಣಗಿ ಹುಳ ಬಿದ್ದದ್ದು ಟಕ್ ಅಂತ ಸಪ್ಪಳ ಮಾಡುತ್ತದೆ, ಪುಡಿ ಉದುರುತ್ತದೆ. ಅಂಥದ್ದು ಎರಡು ಅಕ್ಕಪಕ್ಕ ಸಿಕ್ಕರೆ ಆ ಬುಟ್ಟಿಯನ್ನು ಆ ವರ್ಷ ನೀರಿಗೆ ಇಳಿಸಬೇಡಿ. ಹಿಂದೆ ಹೊರಗೆ ತೊಗಲು ಹೊದಿಸುತ್ತಿದ್ದರು, ಈಗ ತಾಡಪಾಲು, ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ಡಾಂಬರು ಬಿಸಿಲಿಗೆ ಬಿರಿದಿರುತ್ತದೆ. ಆ ಬಿರುಕು ದಂಡೆಯಲ್ಲಿ ಕೂದಲೆಳೆಯಷ್ಟು ಕಾಣುತ್ತದೆ, ಹೊಳೆ ನಡುವೆ ಹೋದಾಗ ಪಾದದವರೆಗೆ ನೀರು ತುಂಬುತ್ತದೆ.

ಜನ ಅಂಚಿಗೆ ಒರಗಿ ಸುತ್ತಲೂ ಸಮನಾಗಿ ಕುಳಿತುಕೊಳ್ಳಬೇಕು. ಒಬ್ಬರೂ ನಿಲ್ಲಬಾರದು. ಬೈಕ್ ಹೇರುವುದನ್ನು ನಿಲ್ಲಿಸಲೇಬೇಕು. ಬೈಕ್ ಒಂದು ಕಡೆ ವಾಲಿದರೆ ಹುಟ್ಟು ಹಾಕುವವನ ಕೈಯಲ್ಲಿ ಏನೂ ಇರುವುದಿಲ್ಲ. ಹೊಳೆ ಕೆಂಪು ನೀರಾಗಿ, ಗಿಡ ಗಂಟಿ ತೇಲಿ ಬರಲು ಶುರುವಾದರೆ ಆವತ್ತಿಗೆ ಹರಿಗೋಲು ಬಂದ್. ಹೊತ್ತು ಮುಳುಗಿದ ಮೇಲೆಯೂ ಬಂದ್. ಬಂಡೆಗಳ ಹಿಂದೆ ಸುಳಿ ಎಲ್ಲಿದೆ ಅಂತ ಬೇಸಿಗೆಯಲ್ಲೇ ಹುಡುಗರಿಗೆ ತೋರಿಸಿಡಿ. ನೀರು ತುಂಬಿದ ಮೇಲೆ ಬಂಡೆ ಕಾಣುವುದಿಲ್ಲ, ಸುಳಿ ಮಾತ್ರ ಇರುತ್ತದೆ.

ಲೈಫ್ ಜಾಕೆಟ್ ಪಂಚಾಯ್ತಿಯಲ್ಲಿ ಬೀಗ ಹಾಕಿ ಇಟ್ಟರೆ ಪ್ರಯೋಜನ ಇಲ್ಲ. ದಾಟುವ ಜಾಗದಲ್ಲೇ ಇರಬೇಕು. ಮಕ್ಕಳ ಅಳತೆಯದ್ದು ಬೇರೆಯೇ ಬೇಕು. ದೊಡ್ಡವರದ್ದು ಹಾಕಿದರೆ ಮಗು ಕೆಳಗೆ ಜಾರಿಹೋಗುತ್ತದೆ.

ಕೊಪ್ಪಳ_ಸವಿತಾ

ಅಣ್ಣಾ, 2019 ರಲ್ಲಿ ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಹಾಕಿಕೊಂಡಾಗ ನೀವು ಅಲ್ಲಿದ್ದಿರಾ? ಹೆಲಿಕಾಪ್ಟರ್ ತರಿಸಬೇಕಾಯಿತಲ್ವಾ?

ಆನೆಗೊಂದಿ_ಅಂಬಿಗ

ಹೌದಕ್ಕಾ, ದಂಡೆಯಲ್ಲಿದ್ದೆ. ವಿದೇಶದವರೂ ಸೇರಿ ನೂರಾರು ಜನ ಇದ್ದರು. ನೀರು ಬಿಡುತ್ತೇವೆ ಅಂತ ಮೊದಲೇ ಹೇಳಿದ್ದರು. ಆದರೆ ಹೊರಗಿನಿಂದ ಬಂದವರಿಗೆ ಹೊಳೆ ನೋಡಿದರೆ ಭಯ ಹುಟ್ಟುವುದಿಲ್ಲ. ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಸಂಜೆಗೆ ಆಳುದ್ದ ಆಗುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಗಡ್ಡೆಗೆ ಬಂದ ನೆಂಟರು, ಕೂಲಿಯವರು, ಭಕ್ತರು ಇವರನ್ನು ಮೊದಲು ದಾಟಿಸಬೇಕು. ಕುರವಪುರಕ್ಕೆ ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆ ಬರುವವರಿಗೂ ಇದೇ ಮಾತು.

ಆಶಾ_ಅಕ್ಕ_ದೇವದುರ್ಗ

ನಾನು ಆಶಾ ಕಾರ್ಯಕರ್ತೆ. ಹೆಣ್ಣುಮಕ್ಕಳ ವಿಷಯ ಇನ್ನೂ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ.

2013 ರಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿ ಒಬ್ಬರು ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು, ಆಸ್ಪತ್ರೆಗೆ ಹೋಗಲು. ದೇಶವೆಲ್ಲ ಅವರನ್ನು ಹೊಗಳಿತು. ನನಗೆ ಆ ಸುದ್ದಿ ಓದಿದಾಗ ಹೊಟ್ಟೆ ಉರಿಯಿತು. ಯಾವ ತಾಯಿಗೂ ಆ ಪರಿಸ್ಥಿತಿ ಬರಬಾರದು.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮೇ ತಿಂಗಳಲ್ಲೇ ತಾಯಿ ಕಾರ್ಡ್ ನೋಡಿ ಜುಲೈನಿಂದ ಅಕ್ಟೋಬರ್‌ವರೆಗೆ ಯಾರಿಗೆ ದಿನ ತುಂಬುತ್ತದೆ ಅಂತ ಪಟ್ಟಿ ಮಾಡಬೇಕು. ಅವರನ್ನು ದಿನಕ್ಕೆ ಮೂರು ವಾರ ಮುಂಚೆ ತವರಿಗೋ, ದಂಡೆಯಾಚೆ ಇರುವ ನೆಂಟರ ಮನೆಗೋ ಕಳಿಸಬೇಕು. ಅತ್ತೆ ಮಾವ ಒಪ್ಪುವುದಿಲ್ಲ, 'ಹೊಲದ ಕೆಲಸ ಇದೆ, ಇನ್ನೂ ಹೊತ್ತಿದೆ' ಅನ್ನುತ್ತಾರೆ. ಕೂತು ಮಾತಾಡಬೇಕು. ನಾನು ಗಂಡನಿಗೆ ಹೇಳುವುದಕ್ಕಿಂತ ಮುಂಚೆ ಅತ್ತೆಗೆ ಹೇಳುತ್ತೇನೆ. ಅತ್ತೆ ಒಪ್ಪಿದರೆ ಮುಗಿಯಿತು.

ಬಿಪಿ, ಶುಗರ್, ಫಿಟ್ಸ್, ಟಿಬಿ ಮಾತ್ರೆ ನುಂಗುವವರಿಗೆ ಜೂನ್ ಕೊನೆಗೆ ಒಂದು ತಿಂಗಳ ಮಾತ್ರೆ ಮನೆಯಲ್ಲಿ ಇರಬೇಕು. ಡಯಾಲಿಸಿಸ್ ಇರುವವರು ಮಳೆಗಾಲದಲ್ಲಿ ಗಡ್ಡೆಯಲ್ಲಿ ಇರಲೇಬಾರದು.

ನೀರು ಏರಿದರೆ ಹಾವುಗಳೂ ಎತ್ತರಕ್ಕೆ ಬರುತ್ತವೆ. ಕಟ್ಟಿಗೆ ರಾಶಿ, ಬಣವಿ, ಮನೆಯ ಅಟ್ಟ ಎಲ್ಲ ಕಡೆ ಸೇರಿಕೊಳ್ಳುತ್ತವೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿದು ಕಟ್ಟುವುದು ಯಾವುದೂ ಬೇಡ. ಕೈಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಸಾಗಿಸಿ. ಹೊಳೆ ಏರಿದಾಗ 108 ಗೆ ಫೋನ್ ಮಾಡಿದರೆ ಗಾಡಿ ಆಚೆ ದಂಡೆಗೆ ಮಾತ್ರ ಬರುತ್ತದೆ. ಆದ್ದರಿಂದ ಅದರ ಜೊತೆಗೇ ಜಿಲ್ಲಾ ಕಂಟ್ರೋಲ್ ರೂಂ 1077 ಕ್ಕೂ ಹೇಳಿ, ಬೋಟು ಬೇಕು ಅಂತ ಸ್ಪಷ್ಟವಾಗಿ ಹೇಳಿ.

ಪ್ರವಾಹ ಇಳಿದ ಮೇಲೆ ವಾಂತಿಭೇದಿ ಬರುತ್ತದೆ. ಕೊಳವೆಬಾವಿಗೆ ಕೆಸರು ನೀರು ಹೊಕ್ಕಿರುತ್ತದೆ. ನೀರು ಕುದಿಸಿ ಆರಿಸಿ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಾಸ್ತರ್_ರಾಯಚೂರು

ಅಕ್ಕ ಬರೆದದ್ದು ಓದಿ ಒಂದು ಮಾತು ನೆನಪಾಯಿತು. 2019 ರಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯಲ್ಲಿ ಒಬ್ಬ ಹುಡುಗ ನೀರು ಹರಿಯುವ ಸೇತುವೆಯ ಮೇಲೆ ಮುಂದೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿ ಬಂತು. ನಾವು ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳುತ್ತೇವೆ. ಹೇಳಬೇಕೋ ಬೇಡವೋ?

ಹಳೇ_ಗೇಜ್

ಮಾಸ್ತರೇ, ಆ ಹುಡುಗನ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ಕಥೆ ಅಲ್ಲಿಗೇ ನಿಲ್ಲಿಸಬೇಡಿ. ಮುಳುಗಿದ ಸೇತುವೆಯ ಮೇಲೆ ಮೊಣಕಾಲಿನಷ್ಟು ನೀರು ಓಡುತ್ತಿದ್ದರೂ ದೊಡ್ಡವರನ್ನೇ ಕೆಡವುತ್ತದೆ. ಅದಕ್ಕಿಂತ ಸ್ವಲ್ಪ ಏರಿದರೆ ಕಾರು ತೇಲುತ್ತದೆ. ಅಂಚಿನಲ್ಲಿ ಡಾಂಬರು ಕೊಚ್ಚಿಹೋಗಿದ್ದರೆ ಮೇಲಿನಿಂದ ಕಾಣುವುದೇ ಇಲ್ಲ. ಮಕ್ಕಳಿಗೆ ಎರಡನ್ನೂ ಹೇಳಿ: ಅವನು ಧೈರ್ಯವಂತ, ಮತ್ತು ಯಾರೂ ಹಾಗೆ ಸೇತುವೆಗೆ ಇಳಿಯಬಾರದು.

ಮಾಸ್ತರ್_ರಾಯಚೂರು

ಒಪ್ಪಿದೆ ಸರ್. ಈ ಸಲ ಪ್ರಾರ್ಥನೆ ಹೊತ್ತಿನಲ್ಲೇ ಹೇಳುತ್ತೇನೆ.

ಕುರಿದೊಡ್ಡಿ

ನಮ್ಮದು ಕುರಿ. ಇಲ್ಲಿ ಎಲ್ಲರೂ ಜನರ ಬಗ್ಗೆ ಬರೆದಿರಿ, ಸರಿ. ಆದರೆ ಜನ ಯಾಕೆ ಗಡ್ಡೆ ಬಿಟ್ಟು ಬರುವುದಿಲ್ಲ ಗೊತ್ತಾ? ಜಾನುವಾರು ಬಿಟ್ಟು ಬರಲು ಮನಸ್ಸು ಬರುವುದಿಲ್ಲ. 2020 ರಲ್ಲಿ ನಾರಾಯಣಪುರ ಡ್ಯಾಂ ಕೆಳಗೆ ಒಬ್ಬ ಕುರಿಗಾಹಿ ಹೊಳೆ ನಡುವೆ ಕುರಿಗಳ ಜೊತೆ ದಿನಗಟ್ಟಲೆ ಸಿಕ್ಕಿಕೊಂಡಿದ್ದರು, ಎನ್‌ಡಿಆರ್‌ಎಫ್‌ನವರು ಕರೆತಂದರು. ಹೊರಗಿನವರಿಗೆ ಅದು ಹಠ ಅನ್ನಿಸಬಹುದು. ಹಿಂಡು ಅಂದರೆ ನಮ್ಮ ಬ್ಯಾಂಕು, ನಮ್ಮ ಮಗಳ ಮದುವೆ, ಎಲ್ಲ ಅದೇ.

ಹಾಗಾಗಿ ಜನರನ್ನು ಉಳಿಸಬೇಕಂದರೆ ಮೊದಲು ದನ ಕುರಿ ದಾಟಿಸಬೇಕು. ಸೇತುವೆ ಮೇಲೆ ನೀರು ಬರುವ ಮುಂಚೆ, ಹಗಲು ಹೊತ್ತಿನಲ್ಲಿ. ದಂಡೆಯಾಚೆ ಯಾರ ಹೊಲದಲ್ಲಿ ಹಿಂಡು ತರುಬುವುದು ಅಂತ ಬೇಸಿಗೆಯಲ್ಲೇ ಮಾತಾಗಿರಬೇಕು. ಕುರಿ ತರುಬಿದರೆ ಗೊಬ್ಬರ ಸಿಗುತ್ತದೆ, ಹೊಲದವರು ಬೇಡ ಅನ್ನುವುದಿಲ್ಲ. ಗಳಲೆ, ಚಪ್ಪೆ ರೋಗದ ಲಸಿಕೆ, ಕುರಿಗೆ ಕರುಳು ಬೇನೆಯ ಲಸಿಕೆ ಮಳೆಗಾಲಕ್ಕೆ ಮುಂಚೆ ಹಾಕಿಸಿ. ಕಾಳಜಿ ಕೇಂದ್ರದಲ್ಲಿ ಜನಕ್ಕೆ ಅನ್ನ ಕೊಡುತ್ತಾರೆ, ದನಕ್ಕೆ ಮೇವು ಎಲ್ಲಿಂದ? ಕಣಿಕೆಯ ಒಂದು ಬಣವಿಯನ್ನು ಆಚೆ ದಂಡೆಯಲ್ಲೇ ಒಟ್ಟಿಬಿಡಿ.

ಬರಲೇ ಆಗದ ಹೊತ್ತು ಬಂದರೆ ಹಗ್ಗ ಬಿಚ್ಚಿಬಿಡಿ. ದನ ಈಜುತ್ತದೆ. ಕಟ್ಟಿದ ಕಡೆಯೇ ಸಾಯುವುದನ್ನು ನೋಡಬಾರದು.

ಮೋಟರ್ ವಿಷಯ ಒಂದಿದೆ. ನೀರು ಏರುತ್ತಿದೆ ಅಂದ ತಕ್ಷಣ ಪಂಪ್‌ಸೆಟ್ ಎತ್ತಲು ಗಂಡಸರು ಹೊಳೆಗೆ ಇಳಿಯುತ್ತಾರೆ. ಜೀವ ಹೋಗುವುದು ಅಲ್ಲೇ. ಕರೆಂಟ್ ಇದ್ದಾಗ ತೊಯ್ದ ಸ್ಟಾರ್ಟರ್ ಡಬ್ಬಿ ಮುಟ್ಟಿದರೆ ಇನ್ನೂ ಅಪಾಯ. ಪೈಪು ಹೋದರೆ ಹೋಗಲಿ. ಮೋಟರನ್ನು ಜುಲೈ ಮೊದಲ ವಾರವೇ ಎತ್ತಿ ಮನೆಗೆ ತಂದರೆ ಆ ಓಟವೇ ಬೇಡ. ಟಿಸಿಯ (ಟ್ರಾನ್ಸ್‌ಫಾರ್ಮರ್) ಲೈನ್ ತೆಗೆಸುವಂತೆ ಲೈನ್‌ಮನ್‌ಗೆ ಮೊದಲೇ ಹೇಳಿಡಿ.

ಗಡ್ಡಿಮನಿ

ಕುರಿದೊಡ್ಡಿ ಅಣ್ಣಾ, ನಮ್ಮಪ್ಪನದ್ದೂ ಇದೇ ಕಥೆ. ಎಮ್ಮೆ ಬಿಟ್ಟು ಬರುವುದಿಲ್ಲ. ಈ ಸಲ ಎಮ್ಮೆಯನ್ನೇ ಮೊದಲು ಅಕ್ಕನ ಊರಿಗೆ ಸಾಗಿಸುತ್ತೇವೆ. ಅದರ ಹಿಂದೆ ಅವರೂ ಬರುತ್ತಾರೆ.

ಕಂಪ್ಲಿ_ರೈತ

ನಾವು ಬಳ್ಳಾರಿ ಜಿಲ್ಲೆಯವರು. 2024 ರ ಆಗಸ್ಟ್ 10 ರ ರಾತ್ರಿ ತುಂಗಭದ್ರಾ ಡ್ಯಾಂನ 19 ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಅವತ್ತು ಮಳೆಯ ಪ್ರವಾಹ ಏನೂ ಇರಲಿಲ್ಲ. ಡ್ಯಾಂ ತುಂಬಿತ್ತು ಅಷ್ಟೇ. ರಾತ್ರಿ ಮಲಗಿದವರು ಫೋನ್ ರಿಂಗಿಗೆ ಎದ್ದರು. ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಆಮೇಲೆ ಡ್ಯಾಂ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ಇಳಿಸುವ ಉಕ್ಕಿನ ತಡೆ) ಇಳಿಸಿ ನಿಲ್ಲಿಸಿದರು. ನಮ್ಮ ಬೆಳೆಗೆ ನೀರು ಉಳಿಯಿತು, ಅವರಿಗೆ ನಾವು ಋಣಿ.

ನನ್ನ ಮಾತು ಏನೆಂದರೆ, ನೀರು ಹಗಲಲ್ಲಿ, ಮುನ್ಸೂಚನೆ ಕೊಟ್ಟು ಬರುತ್ತದೆ ಅಂತ ಏನೂ ಇಲ್ಲ. ವಾಟ್ಸ್ಆ್ಯಪ್ ಮೆಸೇಜ್ ರಾತ್ರಿ ಒಂದು ಗಂಟೆಗೆ ಯಾರು ನೋಡುತ್ತಾರೆ? ನಮ್ಮ ಓಣಿಯಲ್ಲಿ ಈಗ ಮಳೆಗಾಲ ಪೂರ್ತಿ ಪಾಳಿ ಮೇಲೆ ಒಬ್ಬರ ಫೋನ್ ಸೈಲೆಂಟ್ ಮಾಡದೆ ಇಡುತ್ತೇವೆ. ಆ ಮನೆಯವರು ಎದ್ದರೆ ಗುಡಿಯ ಗಂಟೆ ಬಾರಿಸಬೇಕು. ಡಂಗುರದವರಿಗೂ ಹೇಳಿದ್ದೇವೆ. ಗಂಟೆ ಬೇರೆ ಹೊತ್ತಿನಲ್ಲಿ ಬಿಡದೆ ಬಾರಿಸಿದರೆ ಅದಕ್ಕೆ ಒಂದೇ ಅರ್ಥ ಅಂತ ಮಕ್ಕಳಿಗೂ ಗೊತ್ತು.

ಸಿಂಧನೂರು_ಬಸು

ಎಲ್ಲ ಸರಿ, ಆದರೆ ಇಷ್ಟೆಲ್ಲ ಯಾಕೆ? ಗಡ್ಡೆ ಬಿಟ್ಟು ಶಾಶ್ವತವಾಗಿ ಆಚೆ ಬಂದುಬಿಡಬಹುದಲ್ಲ?

ಗಡ್ಡಿಮನಿ

ಬಸು ಅಣ್ಣಾ, ಬೇಸರವಿಲ್ಲ, ಉತ್ತರ ಹೇಳುತ್ತೇನೆ. ಮನೆ ಕೊಡುತ್ತಾರೆ ಅಂದುಕೊಳ್ಳಿ, ಹೊಲ? ನಮ್ಮ ಭೂಮಿ ಗಡ್ಡೆಯಲ್ಲಿದೆ. ಮೆಕ್ಕಲು ಮಣ್ಣು, ಪಕ್ಕದಲ್ಲೇ ನೀರು. ಆಚೆ ದಂಡೆಯ ಶೆಡ್ಡಿನಲ್ಲಿ ಮಲಗಿ ದಿನಾ ತೆಪ್ಪದಲ್ಲಿ ಹೊಲಕ್ಕೆ ಬರಬೇಕು ಅಂದರೆ ಅಪಾಯ ಜಾಸ್ತಿಯೇ ಆಗುತ್ತದೆ. ಮನೆಯ ಜೊತೆ ಹೊಲವನ್ನೂ ಕೊಟ್ಟರೆ ಹೋಗುವವರು ಬಹಳ ಜನ ಇದ್ದಾರೆ. ಅದು ಆಗುವವರೆಗೆ ಇಲ್ಲೇ ಬದುಕಬೇಕು, ಅದಕ್ಕೇ ಈ ತಯಾರಿ.

ಆಶಾ_ಅಕ್ಕ_ದೇವದುರ್ಗ

ಮನೆ ಸಾಮಾನಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹಗೇವಿನಲ್ಲಿ (ಕಾಳು ಇಡುವ ನೆಲದೊಳಗಿನ ಗುಂಡಿ) ಜೋಳ ಇಟ್ಟವರು ಜೂನ್‌ನಲ್ಲಿ ತೆಗೆದು ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿ. ಒಮ್ಮೆ ನೀರು ಹೊಕ್ಕರೆ ಪೂರ್ತಿ ಹುಳಿತು ಹೋಗುತ್ತದೆ. ಒಲೆ ಹೊತ್ತಿಸಲಾಗದ ದಿನಗಳಿಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮಂಡಾಳು, ಬೆಲ್ಲ. ಆಧಾರ್, ಪಹಣಿ, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ. ಮನೆ, ದನ, ನಿಂತ ಬೆಳೆ ಎಲ್ಲದರ ಫೋಟೋ ಮೊದಲೇ ತೆಗೆದು ಆಚೆ ಇರುವ ಮಕ್ಕಳಿಗೆ ಕಳಿಸಿಡಿ. ಪರಿಹಾರದ ಸರ್ವೆಗೆ ಬಂದವರು 'ಇಲ್ಲಿ ಗೋಡೆ ಇತ್ತಾ?' ಅಂತ ಕೇಳಿದಾಗ ತೋರಿಸಲು ಬೇಕಾಗುತ್ತದೆ.

ಆತ್ಕೂರು_ಕಡೆಯವಳು

ತಡವಾಗಿ ಓದಿದೆ. ನಮ್ಮ ತವರು ಕುರ್ವಕುರ್ದಾ. ಹಳೇ_ಗೇಜ್ ಸರ್, ನಮಗೂ ನಾರಾಯಣಪುರದ ಅಂಕಿ ನೋಡಿದರೆ ಸಾಕಾ?

ಹಳೇ_ಗೇಜ್

ಸಾಕಾಗುವುದಿಲ್ಲ ತಾಯೀ, ಒಳ್ಳೆಯದಾಯಿತು ಕೇಳಿದಿರಿ. ಕುರ್ವಕಲಾ, ಕುರ್ವಕುರ್ದಾ, ಅಗ್ರಹಾರ ಈ ಗಡ್ಡೆಗಳೆಲ್ಲ ಭೀಮಾ ಬಂದು ಕೃಷ್ಣೆಗೆ ಸೇರಿದ ಮೇಲೆ, ಕೆಳಗೆ ಇವೆ. ನಿಮಗೆ ಎರಡೂ ಹೊಳೆಯ ನೀರು ಬರುತ್ತದೆ. ನಾರಾಯಣಪುರದಲ್ಲಿ ಕಡಿಮೆ ಬಿಡುತ್ತಿದ್ದರೂ ಭೀಮಾ ತುಂಬಿ ಬಂದರೆ ನಿಮ್ಮಲ್ಲಿ ಏರುತ್ತದೆ. ಹಾಗಾಗಿ ಭೀಮಾ ಮೇಲಿನ ಮಹಾರಾಷ್ಟ್ರದ ಉಜನಿ ಡ್ಯಾಂ, ಆಮೇಲೆ ಕಲಬುರಗಿ ಜಿಲ್ಲೆಯ ಸೊನ್ನ ಬ್ಯಾರೇಜಿನ ಹೊರಹರಿವು ನೋಡಿ. ಅಲ್ಲಿಂದ ನಿಮ್ಮ ತನಕ ಬರಲು ಹೊತ್ತು ಹಿಡಿಯುತ್ತದೆ, ಅದು ನಿಮಗೆ ಅನುಕೂಲ.

ಇನ್ನೊಂದು, ನಿಮ್ಮ ಕೆಳಗೆ ತೆಲಂಗಾಣದ ಜುರಾಲಾ ಡ್ಯಾಂ ಇದೆ. ಅದರ ಹಿನ್ನೀರು ನಿಮ್ಮ ಕಡೆಗೆ ಚಾಚುತ್ತದೆ. ಅಲ್ಲಿ ನೀರು ಮೇಲ್ಮಟ್ಟಕ್ಕೆ ಹಿಡಿದಿದ್ದರೆ ನಿಮ್ಮಲ್ಲಿ ಇಳಿಯುವುದು ನಿಧಾನ. ಮೇಲೆ ಬಿಡುವುದು ಕಡಿಮೆಯಾಯಿತು ಅಂತ ಸುದ್ದಿ ಬಂದ ದಿನವೇ ಗಡ್ಡೆಗೆ ವಾಪಸ್ ಹೊರಡಬೇಡಿ. ನಿಮ್ಮ ಅಣ್ಣ ತಮ್ಮಂದಿರಿಗೆ ನೋಟ್‌ಬುಕ್‌ನಲ್ಲಿ ನಾಲ್ಕು ಕಲಂ ಹಾಕಲು ಹೇಳಿ: ನಾರಾಯಣಪುರ, ಸೊನ್ನ, ಜುರಾಲಾ ಮಟ್ಟ, ನಮ್ಮ ದಂಡೆಯ ಗುರುತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆಯಲಿ. ತುಂಬುವುದರಲ್ಲಿ ಏನಾದರೂ ಅನುಮಾನ ಬಂದರೆ ಇಲ್ಲೇ ಫೋಟೋ ಹಾಕಿ, ನೋಡಿ ಹೇಳುತ್ತೇನೆ.